ಸಾವಿರ ಕೂಗಿನ ನಡುವೆ ಅಪ್ಪ ಅಮ್ಮನ ದನಿ: ನೀರುಹಕ್ಕಿಗಳು ತಮ್ಮವರನ್ನು ಗುರುತಿಸುವುದು ಹೇಗೆ?

ಡೆಂಕಣಿಕೋಟೆ, ತಳಿ, ಅಂಚೆಟ್ಟಿ ಕಡೆ ಕುರಿ ಸಾಕಿದವರಿಗೆ ಈ ನೋಟ ಹೊಸದಲ್ಲ. ಬೆಳಿಗ್ಗೆ ತಾಯಿ ಕುರಿಗಳು ಮೇಯಲು ಹೋಗುತ್ತವೆ, ಎಳೆ ಮರಿಗಳು ದೊಡ್ಡಿಯಲ್ಲೇ ಉಳಿಯುತ್ತವೆ. ಸಂಜೆ ಮಂದೆ ಮನೆಗೆ ಬಂದು ದೊಡ್ಡಿಯ ಬಾಗಿಲು ತೆಗೆದ ಕೂಡಲೇ ಒಂದೇ ಗದ್ದಲ. ನೂರು ತಾಯಿಗಳು ಕೂಗುತ್ತವೆ, ನೂರು ಮರಿಗಳು ಕೂಗುತ್ತವೆ. ಹೊರಗಿನವರ ಕಿವಿಗೆ ಎಲ್ಲವೂ ಒಂದೇ 'ಬ್ಯಾ'. ಆದರೆ ಐದು ಹತ್ತು ನಿಮಿಷ ಕಳೆಯುವಷ್ಟರಲ್ಲಿ ಪ್ರತಿ ಮರಿಯೂ ತನ್ನ ತಾಯಿಯ ಕೆಚ್ಚಲಿಗೆ ಬಾಯಿ ಹಾಕಿರುತ್ತದೆ. ತಪ್ಪಿ ಬೇರೆ ಕುರಿಯ ಹತ್ತಿರ ಹೋದ ಮರಿಗೆ ಸಿಗುವುದು ಹಾಲಲ್ಲ, ಒದೆ.

ಕುರಿಗೆ ದನಿಯ ಜೊತೆಗೆ ವಾಸನೆಯ ಸಹಾಯವೂ ಇದೆ. ಗುಂಪಿನಲ್ಲಿ ಮರಿ ಮಾಡುವ ಹಲವು ಕಡಲ ಹಕ್ಕಿಗಳು ಮತ್ತು ನೀರುಹಕ್ಕಿಗಳು ಇದೇ ಕೆಲಸವನ್ನು ಹೆಚ್ಚಾಗಿ ದನಿಯೊಂದರಿಂದಲೇ ಮಾಡುತ್ತವೆ. ಸಾವಿರಾರು ಹಕ್ಕಿಗಳು ಒಟ್ಟಿಗೆ ಕಿರುಚುವ ಜಾಗದಲ್ಲಿ ಮರಿ ತನ್ನ ಅಪ್ಪ ಅಮ್ಮನನ್ನು, ಗಂಡು ತನ್ನ ಹೆಣ್ಣನ್ನು ಕೂಗಿನಿಂದಲೇ ಪತ್ತೆ ಹಚ್ಚುತ್ತದೆ. ಇದರ ಬಗ್ಗೆ ವಿಜ್ಞಾನಿಗಳು ಅರವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಪ್ರಯೋಗ ಮಾಡುತ್ತ ಬಂದಿದ್ದಾರೆ. ನಮ್ಮ ಭಾಗದ ಹೊಳೆ, ಡ್ಯಾಮುಗಳ ಮೇಲೆ ಹಾರುವ ಒಂದು ಹಕ್ಕಿಯ ಅಳಿವು ಉಳಿವಿಗೂ ಈ ವಿಷಯಕ್ಕೂ ನಂಟಿದೆ.

ಆ ಹಕ್ಕಿ ಯಾವುದು?

ಅದು ರಿವರ್ ಟರ್ನ್. ಕನ್ನಡದ ಪಕ್ಷಿ ಪಟ್ಟಿಗಳಲ್ಲಿ ಇದರ ಹೆಸರು 'ನದಿ ರೀವ'. ತಮಿಳಿನಲ್ಲಿ 'ಆಟ್ರು ಆಲಾ'. ಬೂದು ಬಣ್ಣದ ಬೆನ್ನು, ಉದ್ದ ಹಳದಿ ಕೊಕ್ಕು, ಕೆಂಪು ಕಾಲು, ಕತ್ತರಿಯಂತೆ ಸೀಳಿದ ಬಾಲ. ಮರಿ ಮಾಡುವ ಕಾಲದಲ್ಲಿ ತಲೆಗೆ ಕರಿ ಟೋಪಿ ಹಾಕಿದ ಹಾಗೆ ಕಾಣುತ್ತದೆ. ನೀರಿನ ಮೇಲೆ ತೇಲುವಂತೆ ಹಾರುತ್ತ ಬಂದು ಮೀನು ಕಂಡ ಕೂಡಲೇ ತಲೆಕೆಳಗಾಗಿ ಧುಮುಕುವುದು ಇದರ ಗುರುತು.

ಟರ್ನ್ ಜಾತಿಯ ಹಕ್ಕಿಗಳಲ್ಲಿ ಬಹುಪಾಲು ಕಡಲಿಗೆ ಸೇರಿದವು. ನಮ್ಮ ದೇಶದಲ್ಲಿ ಲಕ್ಷದ್ವೀಪದ ಪಿಟ್ಟಿ ಎಂಬ ಜನವಸತಿ ಇಲ್ಲದ ಪುಟ್ಟ ದ್ವೀಪದಲ್ಲಿ ಕಡಲ ಟರ್ನ್‌ಗಳು ಗುಂಪಾಗಿ ಮೊಟ್ಟೆ ಇಡುತ್ತವೆ. ಆ ದ್ವೀಪವನ್ನು ಸ್ಥಳೀಯರು ಕರೆಯುವುದೇ 'ಪಕ್ಷಿಪಿಟ್ಟಿ' ಎಂದು. ಅದೇ ಕುಟುಂಬಕ್ಕೆ ಸೇರಿದ ರಿವರ್ ಟರ್ನ್ ಮಾತ್ರ ಕಡಲು ಬಿಟ್ಟು ಹೊಳೆ, ಜಲಾಶಯಗಳನ್ನು ನಂಬಿದೆ. ಕಾವೇರಿ, ದಕ್ಷಿಣ ಪಿನಾಕಿನಿಯಂಥ ಹೊಳೆಗಳೂ ದೊಡ್ಡ ಕೆರೆ, ಡ್ಯಾಮುಗಳೂ ಇದು ಬದುಕುವ ಜಾಗಗಳು.

ಕರ್ನಾಟಕದಲ್ಲಿ ಈ ಹಕ್ಕಿಯ ಹೆಸರುವಾಸಿ ಜಾಗ ಭದ್ರಾ ಜಲಾಶಯ. ಹೊಸೂರಿನಿಂದ ಸುಮಾರು ಮುನ್ನೂರು ಕಿಲೋಮೀಟರ್ ದೂರದ ಲಕ್ಕವಳ್ಳಿಯಲ್ಲಿ 1960ರ ದಶಕದಲ್ಲಿ ಅಣೆಕಟ್ಟು ಪೂರ್ಣಗೊಂಡಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದಂತೆ ನೀರಿನಡಿ ಇದ್ದ ಗುಡ್ಡಗಳ ತಲೆ ನಡುಗಡ್ಡೆಗಳಾಗಿ ಮೇಲೆ ಬರುತ್ತವೆ. ಮಾರ್ಚಿನಿಂದ ಮೇ ತನಕ ಆ ಬೋಳು ನಡುಗಡ್ಡೆಗಳ ಮೇಲೆ ಸಾವಿರಾರು ರಿವರ್ ಟರ್ನ್‌ಗಳು ಮೊಟ್ಟೆ ಇಟ್ಟು ಮರಿ ಮಾಡುತ್ತವೆ. ಅಲ್ಲಿನ ಸರ್ಕಾರಿ ವಸತಿಧಾಮಕ್ಕೂ ಇದೇ ಹಕ್ಕಿಯ ಹೆಸರಿದೆ.

ಗೂಡೇ ಇಲ್ಲದ ಸಂಸಾರ

ರಿವರ್ ಟರ್ನ್ ಕಡ್ಡಿ ಸೇರಿಸಿ ಗೂಡು ಕಟ್ಟುವುದಿಲ್ಲ. ಮರಳಿನಲ್ಲೋ ಜಲ್ಲಿ ನೆಲದಲ್ಲೋ ಸಣ್ಣ ಗುಳಿ ಮಾಡಿ ಎರಡು ಮೂರು ಮೊಟ್ಟೆ ಇಡುತ್ತದೆ. ಮೊಟ್ಟೆಗಳ ಬಣ್ಣವೂ ಮರಿಗಳ ಬಣ್ಣವೂ ನೆಲದ ಬಣ್ಣವೇ. ಕಾಲಡಿಯಲ್ಲೇ ಇದ್ದರೂ ಕಣ್ಣಿಗೆ ಬೀಳುವುದು ಕಷ್ಟ. ಒಂದು ಗುಳಿಯ ಪಕ್ಕ ಇನ್ನೊಂದು, ಅದರ ಪಕ್ಕ ಮತ್ತೊಂದು. ಮರಿ ಹುಟ್ಟಿದ ಕೆಲವೇ ದಿನಗಳಲ್ಲಿ ಗುಳಿ ಬಿಟ್ಟು ಓಡಾಡಲು ಶುರು ಮಾಡುತ್ತದೆ. ಮೀನು ಹಿಡಿದು ತಂದ ತಾಯಿಗೆ ಅಥವಾ ತಂದೆಗೆ, ನೂರಾರು ಒಂದೇ ಬಣ್ಣದ ಮರಿಗಳಲ್ಲಿ ತನ್ನದು ಯಾವುದು ಎಂದು ತಿಳಿಯಬೇಕು. ಮರಿಗೂ ಅಷ್ಟೇ. ತಲೆಯ ಮೇಲೆ ಹಾರುವ ನೂರಾರು ಹಕ್ಕಿಗಳಲ್ಲಿ ತನ್ನವರು ಯಾರು ಎಂದು ಗೊತ್ತಾಗಬೇಕು.

ಇದನ್ನು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಜೊತೆ ಹೋಲಿಸಿ ನೋಡಬಹುದು. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಮರಗಳ ಮೇಲೆ ಗೂಡು ಕಟ್ಟುತ್ತವೆ. ಅಲ್ಲಿಯೂ ಹಕ್ಕಿಗಳ ಗುಂಪು ದೊಡ್ಡದೇ. ಆದರೆ ಮರಿ ರೆಕ್ಕೆ ಬಲಿಯುವ ತನಕ ತನ್ನ ಕೊಂಬೆ ಬಿಟ್ಟು ದೂರ ಹೋಗುವಂತಿಲ್ಲ, ಹೋದರೆ ಕೆಳಗೆ ಬೀಳುತ್ತದೆ. ತಾಯಿಗೆ ಗೂಡಿನ ಜಾಗ ನೆನಪಿದ್ದರೆ ಬಹುಮಟ್ಟಿಗೆ ಸಾಕು. ಬಾಗಿಲ ಸಂಖ್ಯೆ ಗೊತ್ತಿದ್ದವರಿಗೆ ಮನೆ ಹುಡುಕಲು ಹೆಸರು ಹಿಡಿದು ಕೂಗುವ ಅಗತ್ಯ ಬರುವುದಿಲ್ಲ.

ಕಡಲ ಹಕ್ಕಿಗಳಲ್ಲಿ ಈ ವ್ಯತ್ಯಾಸವನ್ನು ವಿಜ್ಞಾನಿಗಳು ಮೊದಲೇ ಗಮನಿಸಿದ್ದರು. ನೆಲದ ಮೇಲೆ ಮರಿ ಮಾಡುವ ಹೆರಿಂಗ್ ಗಲ್ ಎಂಬ ಕಡಲಕ್ಕಿ, ಮರಿ ಹುಟ್ಟಿದ ಮೊದಲ ಕೆಲವು ದಿನ ಬೇರೆ ಮರಿಯನ್ನು ತಂದಿಟ್ಟರೂ ಒಪ್ಪಿಕೊಳ್ಳುತ್ತದೆ. ಆಮೇಲೆ ಪರಕೀಯ ಮರಿಯನ್ನು ಕುಕ್ಕಿ ಓಡಿಸುತ್ತದೆ. ಈ ಹಕ್ಕಿಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ ನಿಕೋ ಟಿನ್‌ಬರ್ಗನ್ ಅವರಿಗೆ 1973ರಲ್ಲಿ ನೊಬೆಲ್ ಬಹುಮಾನ ಬಂತು. ಅವರ ಬಳಿ ಕಲಿತ ಎಸ್ತರ್ ಕಲೆನ್, ಕಿಟ್ಟಿವೇಕ್ ಎಂಬ ಇನ್ನೊಂದು ಕಡಲಕ್ಕಿಯ ಬಗ್ಗೆ 1957ರಲ್ಲಿ ಬರೆದರು. ಅದು ಕಡಿದಾದ ಬಂಡೆಯ ಅಂಚಿನಲ್ಲಿ ಗೂಡು ಕಟ್ಟುತ್ತದೆ. ಮರಿ ಒಂದು ಹೆಜ್ಜೆ ತಪ್ಪಿದರೆ ಸಮುದ್ರದ ಪಾಲು, ಹಾಗಾಗಿ ಅದು ಅಲ್ಲಾಡದೆ ಕೂರುತ್ತದೆ. ಅಂಥ ಹಕ್ಕಿ ವಾರಗಳು ಕಳೆದ ಮೇಲೂ ಬೇರೆಯವರ ಮರಿಯನ್ನು ತನ್ನದೆಂದೇ ಸಾಕಿತು. ಮರಿ ಓಡಾಡುವ ಕಡೆ ಗುರುತು ಹಿಡಿಯುವ ಶಕ್ತಿ ಬೇಗ ಬರುತ್ತದೆ, ಮರಿ ಕೂತಲ್ಲೇ ಕೂರುವ ಕಡೆ ತಡವಾಗುತ್ತದೆ ಎಂಬುದು ಇದರಿಂದ ತಿಳಿಯಿತು.

ಧ್ವನಿಮುದ್ರಣದ ಪರೀಕ್ಷೆ

ಮರಿ ಗುರುತಿಸುವುದು ದನಿಯನ್ನೇ, ಮುಖವನ್ನಲ್ಲ ಎಂದು ಹೇಳುವುದು ಹೇಗೆ? ವಿಧಾನ ಸರಳ. ತಾಯಿ ಹಕ್ಕಿಯ ಕೂಗನ್ನು ಧ್ವನಿಮುದ್ರಣ ಮಾಡಿಕೊಳ್ಳುತ್ತಾರೆ. ತಾಯಿ ಇಲ್ಲದ ಸಮಯ ನೋಡಿ ಮರಿಯ ಹತ್ತಿರ ಸ್ಪೀಕರ್ ಇಟ್ಟು ಅದನ್ನು ಹಾಕುತ್ತಾರೆ. ಆಮೇಲೆ ಪಕ್ಕದ ಗೂಡಿನ ಹಕ್ಕಿಯ ಕೂಗನ್ನು ಹಾಕುತ್ತಾರೆ. ಎರಡಕ್ಕೂ ಮರಿ ಹೇಗೆ ಸ್ಪಂದಿಸುತ್ತದೆ ಎಂದು ಬರೆದಿಟ್ಟುಕೊಳ್ಳುತ್ತಾರೆ.

ರಿವರ್ ಟರ್ನ್‌ನ ಹತ್ತಿರದ ಬಂಧುವಾದ ಕಾಮನ್ ಟರ್ನ್ ಮರಿಗಳ ಮೇಲೆ ಇಂಥ ಪ್ರಯೋಗ ನಡೆದು 1970ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಹುಟ್ಟಿ ನಾಲ್ಕು ದಿನವಾದ ಮರಿಗಳು ತಮ್ಮ ಅಪ್ಪ ಅಮ್ಮನ ಕೂಗಿಗೆ ತಲೆ ಎತ್ತಿ ಚಿಲಿಪಿಲಿ ಎನ್ನುತ್ತ ಆ ಕಡೆ ನಡೆದವು. ನೆರೆಯ ಹಕ್ಕಿಯ ಕೂಗಿಗೆ ಸುಮ್ಮನಿದ್ದವು. ಅದೇ ಜಾತಿ, ಅದೇ ಬಗೆಯ ಕೂಗು. ಆದರೂ ನಾಲ್ಕು ದಿನದ ಮರಿಗೆ ವ್ಯತ್ಯಾಸ ಗೊತ್ತು.

ಗಿಲೆಮಾಟ್ ಎಂಬ ಕಡಲ ಹಕ್ಕಿಯದು ಇನ್ನೂ ಮುಂದಿನ ಕಥೆ. ಇದು ಬಂಡೆಯ ಚಾಚಿನ ಮೇಲೆ ಮೈಗೆ ಮೈ ತಾಗುವಷ್ಟು ಇಕ್ಕಟ್ಟಿನಲ್ಲಿ ಒಂದೇ ಮೊಟ್ಟೆ ಇಡುತ್ತದೆ. ಸ್ವಿಟ್ಜರ್‌ಲೆಂಡಿನ ವಿಜ್ಞಾನಿ ಬೀಟ್ ಚಾಂಟ್ಸ್ ನಾರ್ವೆಯ ಕಡಲ ತೀರದಲ್ಲಿ ಇದನ್ನು ಅಭ್ಯಾಸ ಮಾಡಿ 1968ರಲ್ಲಿ ಬರೆದರು. ಮರಿ ಮೊಟ್ಟೆ ಒಡೆದು ಬರುವ ಮೊದಲೇ, ಚಿಪ್ಪಿನೊಳಗೆ ಇರುವಾಗಲೇ ತಾಯಿ ತಂದೆಯ ಕೂಗನ್ನು ಕಲಿಯುತ್ತದೆ ಎಂಬುದು ಅವರಿಗೆ ಕಂಡ ಸಂಗತಿ. ಮೊಟ್ಟೆಗೆ ಒಂದು ಹಕ್ಕಿಯ ಕೂಗನ್ನು ಕೇಳಿಸಿ, ಮರಿ ಹೊರಬಂದ ಮೇಲೆ ಎರಡು ಸ್ಪೀಕರ್ ಇಟ್ಟರೆ, ಅದು ಚಿಪ್ಪಿನೊಳಗಿಂದ ಕೇಳಿದ ದನಿಯ ಕಡೆಗೇ ಹೋಗುತ್ತಿತ್ತು. ಗರ್ಭದಲ್ಲಿದ್ದಾಗಲೇ ಚಕ್ರವ್ಯೂಹದ ಕಥೆ ಕೇಳಿದ ಅಭಿಮನ್ಯುವಿನ ನೆನಪಾದರೆ ಆಶ್ಚರ್ಯವಿಲ್ಲ.

ಈ ಕಲಿಕೆ ಅದಕ್ಕೆ ಬೇಕೇ ಬೇಕು. ಸುಮಾರು ಮೂರು ವಾರ ತುಂಬಿದಾಗ, ಇನ್ನೂ ಸರಿಯಾಗಿ ಹಾರಲು ಬಾರದ ಮರಿ ಮುಸ್ಸಂಜೆಯ ಹೊತ್ತಿಗೆ ಬಂಡೆಯಿಂದ ಸಮುದ್ರಕ್ಕೆ ಜಿಗಿಯುತ್ತದೆ. ಕೆಳಗೆ ನೀರಿನಲ್ಲಿ ಅಪ್ಪನೂ ಮರಿಯೂ ಕೂಗುತ್ತ ಒಬ್ಬರನ್ನೊಬ್ಬರು ಹುಡುಕಿಕೊಂಡು ಜೊತೆಯಾಗಿ ಈಜುತ್ತ ಹೋಗುತ್ತಾರೆ. ದನಿ ತಪ್ಪಿದರೆ ಮರಿ ಅನಾಥ.

ಗದ್ದಲದಲ್ಲಿ ಕೇಳಿಸುವುದು ಹೇಗೆ?

ಹೊಸೂರು ಬಸ್ ನಿಲ್ದಾಣದಲ್ಲಿ ಹಬ್ಬದ ಹಿಂದಿನ ದಿನ ನಿಂತವರಿಗೆ ಗದ್ದಲ ಎಂದರೇನು ಎಂದು ಹೇಳಬೇಕಾಗಿಲ್ಲ. ತಮಿಳು, ಕನ್ನಡ, ತೆಲುಗು, ಉರ್ದು ಎಲ್ಲ ಸೇರಿ ಕಿವಿ ತುಂಬಿರುತ್ತದೆ. ಆದರೂ 'ಲೇ ಮಗಾ' ಎಂದು ತಾಯಿ ಕೂಗಿದರೆ ಅವಳ ಮಗ ಮಾತ್ರ ತಿರುಗಿ ನೋಡುತ್ತಾನೆ. ಸುತ್ತಲಿನ ಮಾತುಗಳ ನಡುವೆ ತನಗೆ ಬೇಕಾದ ದನಿಯನ್ನು ಹೆಕ್ಕಿಕೊಳ್ಳುವ ಈ ಶಕ್ತಿ ಹಕ್ಕಿಗಳಿಗೂ ಇದೆ.

ಇದನ್ನು ಚೆನ್ನಾಗಿ ತೋರಿಸಿಕೊಟ್ಟವರು ಫ್ರಾನ್ಸಿನ ಥಿಯೆರಿ ಓಬೆನ್ ಮತ್ತು ಪಿಯರ್ ಜೂವೆಂಟೆನ್. ಹಿಂದೂ ಮಹಾಸಾಗರದ ದಕ್ಷಿಣ ತುದಿಯ ಕ್ರೋಜೆ ದ್ವೀಪಗಳಲ್ಲಿ ಕಿಂಗ್ ಪೆಂಗ್ವಿನ್‌ಗಳ ದೊಡ್ಡ ಗುಂಪುಗಳಿವೆ. ಈ ಪೆಂಗ್ವಿನ್‌ಗೆ ಗೂಡಿಲ್ಲ. ಮೊಟ್ಟೆಯನ್ನು ಪಾದದ ಮೇಲೆ ಇಟ್ಟುಕೊಂಡೇ ಕಾವು ಕೊಡುತ್ತದೆ. ಮರಿ ದೊಡ್ಡದಾದ ಮೇಲೆ ಅದನ್ನು ಗುಂಪಿನಲ್ಲಿ ಬಿಟ್ಟು ತಾಯಿ ತಂದೆ ಇಬ್ಬರೂ ಮೀನಿಗಾಗಿ ಕಡಲಿಗೆ ಹೋಗುತ್ತಾರೆ. ತಿರುಗಿ ಬಂದವರು ಗುಂಪಿನ ಹತ್ತಿರ ನಿಂತು ಕೂಗಿದಾಗ ತಮ್ಮ ಮರಿ ಓಡಿ ಬರಬೇಕು. 1998ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ತಾಯಿ ತಂದೆಯ ಕೂಗು ಸುತ್ತಲಿನ ಕೂಗುಗಳಿಗಿಂತ 6 ಡೆಸಿಬಲ್ ಕಡಿಮೆ ಇದ್ದಾಗಲೂ ಮರಿ ಅದನ್ನು ಗುರುತಿಸಿತು. ಇಡೀ ಕೂಗನ್ನು ಕೇಳಬೇಕಾಗಿಯೂ ಇರಲಿಲ್ಲ, ಒಂದು ಸೆಕೆಂಡಿನ ಸುಮಾರು ಕಾಲು ಭಾಗದಷ್ಟು ತುಣುಕು ಸಾಕಾಗಿತ್ತು.

ಗಾಳಿ ಜೋರಾಗಿ ಬೀಸುವ ದಿನ ಈ ಹಕ್ಕಿಗಳು ಏನು ಮಾಡುತ್ತವೆ ಎಂಬುದನ್ನೂ ನೋಡಿದ್ದಾರೆ. ನಾವು ಫೋನ್ ಸರಿಯಾಗಿ ಕೇಳಿಸದಿದ್ದಾಗ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತೇವಲ್ಲ, ಪೆಂಗ್ವಿನ್ನೂ ಅದನ್ನೇ ಮಾಡುತ್ತದೆ. ಗಾಳಿ ಹೆಚ್ಚಾದಂತೆ ಹೆಚ್ಚು ಸಲ ಕೂಗುತ್ತದೆ, ಒಂದೊಂದು ಕೂಗಿನಲ್ಲೂ ತುಣುಕುಗಳನ್ನು ಹೆಚ್ಚಿಸುತ್ತದೆ.

ಒಂದು ಗಂಟಲು, ಎರಡು ದನಿ

ಮನುಷ್ಯನ ದನಿಪೆಟ್ಟಿಗೆ ಶ್ವಾಸನಾಳದ ಮೇಲ್ತುದಿಯಲ್ಲಿದೆ. ಹಕ್ಕಿಗಳದು ಕೆಳಗೆ, ಶ್ವಾಸನಾಳ ಎರಡು ಕವಲಾಗಿ ಶ್ವಾಸಕೋಶಗಳಿಗೆ ಹೋಗುವ ಜಾಗದಲ್ಲಿದೆ. ಹಾಗಾಗಿ ಕೆಲವು ಹಕ್ಕಿಗಳು ಎರಡು ಕವಲುಗಳಿಂದ ಒಂದೇ ಸಲಕ್ಕೆ ಎರಡು ದನಿ ಹೊರಡಿಸಬಲ್ಲವು. ಮದುವೆ ಮನೆಯ ಓಲಗದಲ್ಲಿ ಎರಡು ನಾಗಸ್ವರಗಳು ಒಂದೇ ಸ್ವರ ಹಿಡಿದಾಗ ಶ್ರುತಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ದನಿ ಅಲೆ ಅಲೆಯಾಗಿ ನಡುಗುತ್ತದೆ. ಎಂಪರರ್ ಪೆಂಗ್ವಿನ್ನಿನ ಕೂಗಿನಲ್ಲೂ ಇಂಥ ನಡುಕವಿದೆ, ಅದು ಒಂದೊಂದು ಹಕ್ಕಿಗೂ ಬೇರೆ ಬೇರೆ. 2000ದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಧ್ವನಿಮುದ್ರಣದಿಂದ ಎರಡರಲ್ಲಿ ಒಂದು ದನಿಯನ್ನು ತೆಗೆದುಹಾಕಿ ಕೇಳಿಸಿದರು. ಮರಿಗಳಿಗಾಗಲಿ ಜೋಡಿ ಹಕ್ಕಿಗಳಿಗಾಗಲಿ ಅದು ತಮ್ಮವರ ಕೂಗು ಎಂದು ಗೊತ್ತಾಗಲಿಲ್ಲ.

ಅದೇ ಪೆಂಗ್ವಿನ್ ಕುಟುಂಬದಲ್ಲಿ ಕಲ್ಲು ಸೇರಿಸಿ ಗೂಡು ಮಾಡುವ ಅಡೇಲಿ, ಜೆಂಟೂ ಜಾತಿಗಳಿಗೆ ಇಷ್ಟು ಜಟಿಲವಾದ ಗುರುತು ಬೇಕಾಗಿಲ್ಲ. ಗೂಡಿನ ಜಾಗ ಅರ್ಧ ಕೆಲಸ ಮಾಡಿಕೊಡುತ್ತದೆ. ಟರ್ನ್ ಮತ್ತು ಕೊಕ್ಕರೆ ಬೆಳ್ಳೂರಿನ ಹೋಲಿಕೆಯಲ್ಲಿ ಕಂಡ ಮಾತೇ ಇಲ್ಲಿಯೂ ನಿಜವಾಗುತ್ತದೆ.

ಗಂಡ ಹೆಂಡಿರ ನಡುವೆಯೂ ದನಿಯ ಗುರುತು ನಡೆಯುತ್ತದೆ. ಮ್ಯಾಂಕ್ಸ್ ಶಿಯರ್‌ವಾಟರ್ ಎಂಬ ಕಡಲ ಹಕ್ಕಿ ನೆಲದ ಬಿಲದಲ್ಲಿ ಮೊಟ್ಟೆ ಇಡುತ್ತದೆ. ದಡಕ್ಕೆ ಬರುವುದು ರಾತ್ರಿ ಕತ್ತಲಲ್ಲಿ ಮಾತ್ರ. ಬಿಲದೊಳಗೆ ಕಾವಿಗೆ ಕೂತ ಹೆಣ್ಣು, ಹೊರಗಿಂದ ಬಂದ ಕೂಗು ತನ್ನ ಗಂಡಿನದಾದರೆ ಉತ್ತರ ಕೊಡುತ್ತದೆ ಎಂದು 1978ರ ಅಧ್ಯಯನವೊಂದು ತಿಳಿಸಿದೆ. ಕಣ್ಣಿಗೆ ಕೆಲಸವೇ ಇಲ್ಲದ ಕಡೆ ಕಿವಿಯೇ ಎಲ್ಲ.

ಮನುಷ್ಯ ಕಾಲಿಟ್ಟರೆ ಏನಾಗುತ್ತದೆ?

ಇಷ್ಟೆಲ್ಲ ತಿಳಿದ ಮೇಲೆ ರಿವರ್ ಟರ್ನ್ ಇರುವ ನಡುಗಡ್ಡೆಗೆ ಬೇಸಿಗೆಯಲ್ಲಿ ದೋಣಿಯೊಂದು ಹೋಗಿ ನಿಂತರೆ ಆಗುವ ಅನಾಹುತ ಅರ್ಥವಾಗುತ್ತದೆ. ಜನ ಇಳಿದ ಕೂಡಲೇ ದೊಡ್ಡ ಹಕ್ಕಿಗಳೆಲ್ಲ ಒಟ್ಟಿಗೆ ಮೇಲೇಳುತ್ತವೆ. ನೋಡುವವರಿಗೆ ಅದು ಚೆಂದದ ಫೋಟೋ. ಕೆಳಗೆ ಮೊಟ್ಟೆಗಳು ಏಪ್ರಿಲ್ ಬಿಸಿಲಿಗೆ ಬರಿಮೈಯಲ್ಲಿ ಬಿದ್ದಿರುತ್ತವೆ. ನೆರಳಿಲ್ಲದ ಆ ನೆಲದಲ್ಲಿ ಹಕ್ಕಿ ಮೊಟ್ಟೆಯ ಮೇಲೆ ಕೂರುವುದು ಕಾವು ಕೊಡಲಿಕ್ಕೆ ಮಾತ್ರವಲ್ಲ, ನೆರಳು ಕೊಡಲಿಕ್ಕೂ ಹೌದು.

ಮೊದಲ ಎರಡು ಮೂರು ದಿನದ ಮರಿಗೆ ಅಪ್ಪ ಅಮ್ಮನ ದನಿ ಇನ್ನೂ ಗಟ್ಟಿಯಾಗಿ ನೆಲೆ ನಿಂತಿರುವುದಿಲ್ಲ. ಅದು ತನ್ನ ಗುಳಿಯಲ್ಲಿ ಇದ್ದರೆ ಮಾತ್ರ ಕ್ಷೇಮ. ಹೆದರಿ ಗುಳಿ ಬಿಟ್ಟರೆ ವಿಳಾಸವೂ ಹೋಯಿತು, ದನಿಯ ಗುರುತೂ ಇಲ್ಲ. ಸ್ವಲ್ಪ ದೊಡ್ಡ ಮರಿಗಳು ಚೆಲ್ಲಾಪಿಲ್ಲಿಯಾಗಿ ಓಡಿ ನೆರೆಯವರ ಜಾಗಕ್ಕೆ ನುಗ್ಗುತ್ತವೆ. ಅಲ್ಲಿನ ದೊಡ್ಡ ಹಕ್ಕಿ ಅವನ್ನು ಕುಕ್ಕುತ್ತದೆ. ಗದ್ದಲ ಇಳಿದ ಮೇಲೆ ಕೂಗಿ ಕರೆದು ಮರಿಯನ್ನು ಸೇರಿಸಿಕೊಳ್ಳಲು ಸಮಯ ಬೇಕು. ಆ ಸಮಯದಲ್ಲೇ ಕಾಗೆ, ಹದ್ದು, ನಾಯಿಗಳಿಗೆ ಸುಗ್ಗಿ. ದಿನಕ್ಕೆ ಮೂರು ನಾಲ್ಕು ಸಲ ಹೀಗೆ ಎಬ್ಬಿಸಿದರೆ ಗುಂಪು ಎಷ್ಟು ದೊಡ್ಡದಿದ್ದರೂ ಮರಿಗಳು ಉಳಿಯುವುದು ಕಷ್ಟ.

ಇದರ ಜೊತೆಗೆ ನೀರಿನ ಏರಿಳಿತವಿದೆ. ಬೇಸಿಗೆ ಮಳೆ ಜೋರಾಗಿ ಬಂದರೆ, ಮೇಲಿನ ಡ್ಯಾಮಿನಿಂದ ಒಮ್ಮೆಲೇ ನೀರು ಬಿಟ್ಟರೆ ತಗ್ಗಿನ ದಿಬ್ಬದ ಮೇಲಿನ ಮೊಟ್ಟೆಗಳೆಲ್ಲ ಕೊಚ್ಚಿ ಹೋಗುತ್ತವೆ. ಮರಳು ತೆಗೆದ ಕಡೆ ದಿಬ್ಬಗಳೇ ಉಳಿಯುವುದಿಲ್ಲ. ಇಂಥ ಕಾರಣಗಳಿಂದ ರಿವರ್ ಟರ್ನ್ ಸಂಖ್ಯೆ ಇಳಿಯುತ್ತ ಬಂದಿದೆ. ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2020ರಲ್ಲಿ ಇದನ್ನು ಅಪಾಯದ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು.

ಊರಿನವರು ಮಾಡಬಹುದಾದ್ದು

ಕಾವೇರಿ ನೀರಿನ ಲೆಕ್ಕ ಹಾಕುವ ಬಿಳಿಗುಂಡ್ಲು ಕಡೆಯವರಾಗಲಿ, ಕೆಲವರಪಳ್ಳಿ ಡ್ಯಾಮ್, ಕೃಷ್ಣಗಿರಿಯ ಕೆ.ಆರ್.ಪಿ. ಡ್ಯಾಮ್ ಪಕ್ಕದ ಊರಿನವರಾಗಲಿ ಇದಕ್ಕಾಗಿ ಹಣ ಖರ್ಚು ಮಾಡಬೇಕಾಗಿಲ್ಲ.

* ಮಾರ್ಚಿನಿಂದ ಮೇ ತಿಂಗಳ ತನಕ ನೀರಿನ ನಡುವಿನ ದಿಬ್ಬ, ಬಂಡೆಗಳ ಮೇಲೆ ಹಕ್ಕಿಗಳು ಕೂಗುತ್ತ ಸುತ್ತುತ್ತಿದ್ದರೆ ಅಲ್ಲಿ ಮೊಟ್ಟೆ ಇದೆ ಎಂದು ತಿಳಿದು ದೂರದಿಂದಲೇ ಹೋಗುವುದು.
* ತಲೆಯ ಮೇಲೆ ಎರಗುವಂತೆ ಹಾರಿದರೆ ಹಿಂದಿರುಗುವುದು. ಹಕ್ಕಿ ಹೇಳುತ್ತಿರುವುದೂ ಅದನ್ನೇ.
* ಬಲೆ ಒಣಗಿಸಲು, ದನ ಕುರಿ ತೊಳೆಯಲು ಬೇರೆ ದಡ ಆರಿಸಿಕೊಳ್ಳುವುದು. ನಾಯಿಗಳನ್ನು ಆ ಕಡೆ ಬಿಡದಿರುವುದು.
* ಒಂಟಿಯಾಗಿ ಕಂಡ ಮರಿಯನ್ನು ಪಾಪ ಎಂದು ಮನೆಗೆ ತರದಿರುವುದು. ಅದು ಅನಾಥವಲ್ಲ, ಅಪ್ಪ ಅಮ್ಮನ ಕೂಗಿಗೆ ಕಾಯುತ್ತಿರುತ್ತದೆ. ಮನುಷ್ಯರು ದೂರ ಹೋದರೆ ಅವು ಬಂದು ಕರೆಯುತ್ತವೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬ ಮಾತಿಗೆ ಕಾಡು ಹಕ್ಕಿಗಳ ಮೊಟ್ಟೆ ತೆಗೆಯುವುದು, ಗೂಡು ಕೆಡಿಸುವುದು ಕೂಡ ಸೇರಿದೆ. ಅದು ಗಡಿಯ ಈಚೆಗೂ ಆಚೆಗೂ ಒಂದೇ ಕಾನೂನು.

ಕೊಕ್ಕರೆ ಬೆಳ್ಳೂರಿನ ಜನ ತಲೆಮಾರುಗಳಿಂದ ಹಕ್ಕಿಗಳನ್ನು ಊರ ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಬಂದಂತೆ ನೋಡಿಕೊಂಡು ಬಂದಿದ್ದಾರೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಮರದ ಮೇಲಿನ ಹಕ್ಕಿ ಎಲ್ಲರ ಕಣ್ಣಿಗೂ ಕಾಣುತ್ತದೆ, ಅದಕ್ಕೆ ಕಾವಲು ಸುಲಭ. ಮರಳಿನ ಬಣ್ಣದ ಮರಿ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಬೇಕಾದ ಕಾವಲು ಎಂದರೆ ಎರಡು ಮೂರು ತಿಂಗಳು ನಾವು ಹತ್ತಿರ ಹೋಗದಿರುವುದು, ಅದರ ಅಪ್ಪ ಅಮ್ಮ ಕೂಗಿದ್ದು ಅದಕ್ಕೆ ಕೇಳಿಸುವಂತೆ ಬಿಡುವುದು.

ಎರಡು ಭಾಷೆಯಲ್ಲಿ ಹೆಸರು

ನದಿ ರೀವ (ತಮಿಳಿನಲ್ಲಿ ಆಟ್ರು ಆಲಾ): ರಿವರ್ ಟರ್ನ್
ಹೆಜ್ಜಾರ್ಲೆ (ತಮಿಳಿನಲ್ಲಿ ಕೂಳೈಕ್ಕಡಾ): ಪೆಲಿಕನ್
ನೀರುಕಾಗೆ (ತಮಿಳಿನಲ್ಲಿ ನೀರ್ಕಾಗಂ): ಕಾರ್ಮೊರಂಟ್
ಬಣ್ಣದ ಕೊಕ್ಕರೆ (ತಮಿಳಿನಲ್ಲಿ ಮಂಜಳ್ ಮೂಕ್ಕು ನಾರೈ): ಪೇಂಟೆಡ್ ಸ್ಟಾರ್ಕ್